ಟೀಚರಮ್ಮನವರ ಕಾರ್ಡು

ಟೀಚರಮ್ಮನವರಿಗೆ ನಮಸ್ಕಾರ.

ಈ ತಿಂಗಳು ನಮ್ಮ ಪ್ರಕಾಶನದ ಮೂರು ಹೊಸ ಪುಸ್ತಕಗಳು ಬಂದಿವೆ. ಟೀವಿ ಧಾರಾವಾಹಿಯಾಗಿರುವ ಆ ಕಾದಂಬರಿಯನ್ನೂ ಮತ್ತೆ ಅಚ್ಚು ಹಾಕಿದ್ದೇವೆ. ಮುಖಪುಟದ ತುಂಬ ಧಾರಾವಾಹಿಯ ನಾಯಕಿಯೇ. ನಿಮ್ಮ ಪ್ರತಿ ಇದರೊಂದಿಗಿದೆ.

ಹಳೆಯ ಮುದ್ರಣ ಓದಿ ನೀವು ಬರೆದಿದ್ದಿರಿ: “ಮೂರನೇ ಅಧ್ಯಾಯದಲ್ಲಿ ಸತ್ತ ಅತ್ತೆ ಒಂಬತ್ತರಲ್ಲಿ ಬಂದು ಬಾಗಿಲು ತೆಗೀತಾಳಲ್ಲಪ್ಪಾ, ಕರಡು ತಿದ್ದುವಾಗ ನಿದ್ದೆ ಮಾಡ್ತಿದ್ಯಾ?” ಅದೇ ಕೊನೆಯ ಕಾರ್ಡು. ವರ್ಷವಾಯಿತು. ಈ ಕಚೇರಿಯಲ್ಲಿ ನನಗೆಂದು ಬರುತ್ತಿದ್ದ ಟಪಾಲು ನಿಮ್ಮ ಬೈಗುಳವೊಂದೇ.

ಈಗ ಅತ್ತೆ ಬಾಗಿಲು ತೆಗೆಯುವುದಿಲ್ಲ. ಆದರೆ ಇನ್ನೊಂದು ತಪ್ಪನ್ನು ಕಂಡೂ ತಿದ್ದದೆ ಬಿಟ್ಟಿದ್ದೇನೆ. ಯಾವ ಪುಟವೆಂದು ಹೇಳುವುದಿಲ್ಲ. ವಿಳಾಸ ಬರೆದ ಕಾರ್ಡು ಪುಸ್ತಕದೊಳಗಿದೆ, ದಯವಿಟ್ಟು ಬರೆಯಿರಿ.

ಐದು ಸಾವಿರ ಪ್ರತಿ ಖರ್ಚಾಗಿವೆ. ಇನ್ನೂ ಯಾರೂ ಬೈದಿಲ್ಲ.

ಇಂತಿ,
ನಿಮ್ಮ ಕರಡು ತಿದ್ದುವವ