ರಾಣಿಯ ಮುಂದಿನ ಪದಾತಿ

ಡೊಂಬಿವಲಿ,
ಮಂಗಳವಾರ, ೧೮ ನವೆಂಬರ್ ೨೦೦೮

ಪ್ರೀತಿಯ ಅಕ್ಕುಗೆ ತಂಗಿಯ ನಮಸ್ಕಾರ.

ನಮ್ಮ ಅಕ್ಷಯಾ ಭಾನುವಾರ ಠಾಣೆಯಲ್ಲಿ ಜಿಲ್ಲಾ ಚೆಸ್ ಗೆದ್ದಳು. ಹನ್ನೊಂದು ವರ್ಷಕ್ಕೇ ಕಪ್. ಸಿಹಿ ಸುದ್ದಿ ಬರೆಯಲು ಎರಡು ದಿನ ಬೇಕಾಯಿತೇ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ನನಗೆ ಆನೆಯೂ ಒಂದೇ, ಒಂಟೆಯೂ ಒಂದೇ. ಮೊದಲ ನಡೆ ಮಾತ್ರ ಗೊತ್ತು: ರಾಜನ ಮುಂದಿನ ಪದಾತಿ, ಎರಡು ಮನೆ ಮುಂದಕ್ಕೆ. ಇವರಿಗೆ ಕಾಲೇಜಿನಲ್ಲಿ ಕಪ್ ತಂದುಕೊಟ್ಟ ಓಪನಿಂಗ್ ಅದು. ಮಗಳೂ ಅದನ್ನೇ ಆಡಬೇಕು, ಬೇರೆ ಮಾತೇ ಇಲ್ಲ.

ಕೊನೆಯ ಆಟಕ್ಕೆ ನಮ್ಮನ್ನೆಲ್ಲ ಗಾಜಿನ ಬಾಗಿಲಾಚೆ ನಿಲ್ಲಿಸಿದ್ದರು. ಅಕ್ಷಯಾ ಒಮ್ಮೆ ನಮ್ಮತ್ತ ನೋಡಿದಳು. ಗಡಿಯಾರ ಓಡುತ್ತಿದ್ದರೂ ಐದು ನಿಮಿಷ ಕೈ ಎತ್ತಲಿಲ್ಲ. ಆಮೇಲೆ ರಾಣಿಯ ಮುಂದಿನ ಪದಾತಿಯನ್ನು ನಡೆಸಿದಳು. ಗೆದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಇವರೂ ತಟ್ಟಿದರು. ಲೋಕಲ್ ರೈಲು ಇಳಿದು ಪೇಡೆ ಕೊಂಡು, ಸೊಸೈಟಿಯ ಮನೆಮನೆಗೂ ತಾವೇ ನಗುತ್ತಾ ಹಂಚಿದರು. ಆ ನಗು ನೋಡಿ ನನಗೆ ಹೆದರಿಕೆಯಾಯಿತು.

ಬಾಗಿಲು ಹಾಕಿದ ಮೇಲೆ ಅವಳನ್ನು ಬೋರ್ಡಿನ ಮುಂದೆ ಕೂರಿಸಿ ತಮ್ಮ ನಡೆಯನ್ನು ನೂರು ಸಲ ಆಡಿಸಿದರು. ನಡುವೆ ಅವಳ ಬೆರಳು ಕಪಾಟಿನ ಬಾಗಿಲಿಗೆ ಸಿಕ್ಕಿತು. ಡಾಕ್ಟರಿಗೂ ಹಾಗೆಯೇ ಹೇಳಿದ್ದೇವೆ. ನಿನ್ನ ಹತ್ತಿರ ಯಾಕೆ ಸುಳ್ಳು ಅಕ್ಕು, ತಾನಾಗಿ ಸಿಕ್ಕಿದ್ದಲ್ಲ.

ಬರುವ ಭಾನುವಾರ ವಾಶಿಯಲ್ಲಿ ರಾಜ್ಯ ತಂಡದ ಆಯ್ಕೆ. ನಿನ್ನೆ ಊಟಕ್ಕೆ ಕೂತವರು, ಸಾರು ಬಡಿಸು ಎನ್ನುವ ಸ್ವರದಲ್ಲೇ ಹೇಳಿದರು: "ಇನ್ನೊಂದು ಸಲ ಹಾಗೆ ಆಡ್ಲಿ. ಮತ್ತೆ ಆಡ್ಲಿಕ್ಕೆ ಆ ಕೈ ಇರುದಿಲ್ಲ."

ಅಪ್ಪ ಹೇಳಿದ ಹಾಗೆ ಆಡಿಬಿಡು ಮಗಾ ಎಂದು ಅವಳನ್ನು ಬೇಡಿಕೊಂಡೆ. ಆಟ ನನ್ನದು ಎಂದು ಹಿಂದಿಯಲ್ಲಿ ಹೇಳಿ ಎದ್ದುಹೋದಳು. ಹಟದಲ್ಲಿ ಥೇಟ್ ಅಪ್ಪನ ಮಗಳೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ನೀನು ಗಾಬರಿಯಾಗಬೇಡ. ಫೋನ್ ಮಾಡಬೇಡ, ಇವರೇ ಎತ್ತುತ್ತಾರೆ.

ನಿನ್ನ,
ಮುಕ್ತಾ

ಮರೆತ ಮಾತು: ಬುಧವಾರ, ಠಾಣೆ ಸ್ಟೇಷನ್. ಇವರು ಆಫೀಸಿನಲ್ಲಿದ್ದಾರೆ. ಪತ್ರವನ್ನು ಅಂಚೆಗೆ ಹಾಕಲಿಲ್ಲ. ಉಡುಪಿಗೆ ಹೊರಟಿರುವ ದೊಡ್ಡಮ್ಮನ ಮಗ ಕಿಟ್ಟಣ್ಣನ ಕೈಗೆ ಕೊಡುತ್ತಿದ್ದೇನೆ, ಅಕ್ಷಯಾಳನ್ನೂ. ವಾಶಿಯ ಆಯ್ಕೆ ಮುಂದೆ ಹೋಗಿದೆ, ಅಷ್ಟರಲ್ಲಿ ಉಡುಪಿಯಲ್ಲೊಂದು ಟೂರ್ನಮೆಂಟ್ ಉಂಟು ಎಂದು ಅವಳನ್ನು ನಂಬಿಸಿದ್ದೇನೆ. ಎರಡೂ ಸುಳ್ಳು. ತಿಳಿದ ಮೇಲೆ ಬಯ್ಯಲಿ, ಪರವಾಗಿಲ್ಲ. ನಾನೂ ಬಂದರೆ ಇವರು ಇಂದೇ ಬೆನ್ನು ಹತ್ತುತ್ತಾರೆ, ಹಾಗಾಗಿ ಏನಾದರೂ ಹೇಳಿ ಇವರನ್ನು ತಡೆಯಲು ಮನೆಗೆ ಹಿಂತಿರುಗುತ್ತಿದ್ದೇನೆ. ಯಾರು ಬಂದು ಕೇಳಿದರೂ ಅವಳನ್ನು ಕಳಿಸಬೇಡ. ಇವರ ಜೊತೆ ನಾನೇ ಬಂದು ಅತ್ತು ಕೇಳಿದರೂ ಕಳಿಸಬೇಡ.