ಹುಲ್ಲಪ್ಪನ ಹೆಸರಿನ ಮುಂದಿರುವ ಸೊನ್ನೆ

ಹಿರಿಯರ ಮನಸ್ಸಿನ ಆರೋಗ್ಯದ ದಾಖಲೆ ಇಡುವ ಸಾಹೇಬರೇ,

ನಿಮ್ಮ ಕಚೇರಿಯ ಪ್ರಕಾರ ನಮ್ಮಪ್ಪ ಹುಲ್ಲಪ್ಪನಿಗೆ ಅಂಜಿಕೆ ಎಂಬುದೇ ಇಲ್ಲ. ಸಮೀಕ್ಷೆಯಲ್ಲಿ ಹತ್ತು ಪ್ರಶ್ನೆ, ಹತ್ತಕ್ಕೂ ಸೊನ್ನೆ. ಆ ಸೊನ್ನೆಯ ದೆಸೆಯಿಂದ ಮೂರು ತಿಂಗಳಾದರೂ ಅವನಿಗೆ ಮನಸ್ಸಿನ ಡಾಕ್ಟರರನ್ನು ಕಾಣುವ ಚೀಟಿ ಸಿಕ್ಕಿಲ್ಲ. ಅವನು ಊಟ ಬಿಡುತ್ತ ಬಂದಿದ್ದಾನೆ. ಸೊನ್ನೆ ಹೇಗೆ ಹುಟ್ಟಿತೆಂದು ಕಣ್ಣಾರೆ ಕಂಡವಳು ನಾನು, ಅವನ ಮಗಳು. ಊರ ಸಾಲಿಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು; ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತಿನಲ್ಲಿ ತಪ್ಪಿಲ್ಲ.

ಅಪ್ಪನಿಗೆ ಎಪ್ಪತ್ತಾರು ವರ್ಷ. ಬಾದಾಮಿಯ ಗುಡ್ಡದಿಂದ ಮಲಪ್ರಭೆಯ ದಂಡೆಯವರೆಗೆ ಐವತ್ತು ವರ್ಷ ಕುರಿ ಕಾಯ್ದವನು. ಮೊಣಕಾಲು ಸೋತವೆಂದು ಎರಡು ವರ್ಷದ ಹಿಂದೆ ಕುರಿ ಮಾರಿದೆವು. ಅಲ್ಲಿಂದ ಶುರುವಾಯಿತು. ಮನೆ ಮುಂದೆ ಮೋಟರ್ ಸೈಕಲ್ ನಿಂತರೆ ಗೋಡೆಯ ಮರೆಗೆ ಸರಿಯುತ್ತಾನೆ. ನಾನು ನೀರಿಗೆ ಹೊರಟರೆ ಸೆರಗು ಹಿಡಿಯುತ್ತಾನೆ. ಮುರಿದ ರೊಟ್ಟಿ ತಾಟಿನಲ್ಲೇ ಒಣಗುತ್ತದೆ. "ಏನಾಗತೈತಿ ಯಪ್ಪಾ?" ಎಂದರೆ "ಏನಿಲ್ಲ" ಎನ್ನುತ್ತಾನೆ.

ನಿಮ್ಮ ಸಮೀಕ್ಷೆಯ ಹುಡುಗಿ ಬಂದಾಗ ಅಪ್ಪ ಕಟ್ಟೆಯ ಮೇಲಿದ್ದ, ಓಣಿಯ ನಾಲ್ಕು ಜನ ಸುತ್ತಲಿದ್ದರು. ಒಳ್ಳೆಯ ಹುಡುಗಿ, ಪಾಪ. ಸಂಜೆಯೊಳಗೆ ಇನ್ನೂ ಮೂವತ್ತು ಮನೆ ಮುಗಿಸಬೇಕಿತ್ತು.

"ಅಜ್ಜಾ, ಹದಿನೈದ ದಿನದಾಗ ಅಂಜಿಕಿ ಆಗಿತ್ತೇನ?"

"ನಮ್ಮ ದೇವರು ಬೀರಪ್ಪ ಅದಾನ, ತಂಗಿ."

"ಅಂದ್ರ ಇಲ್ಲ. ಎದಿ ಡವಡವ ಅಂತೈತೇನ?"

"ಬೀರಪ್ಪ ನಡಸ್ಯಾನ."

"ಅಂದ್ರ ಇದೂ ಇಲ್ಲ."

ಪಕ್ಕದ ಮನೆಯ ಆನಂದ ನಡುವೆ ಬಾಯಿ ಹಾಕಿದ: "ಏ ಯವ್ವಾ, ಯಾರಿಗೆ ಏನ ಕೇಳಾಕತ್ತಿ? ಅಡವ್ಯಾಗ ಒಬ್ಬನ ಮಲಗಿದ ಮನಶ್ಯಾ ಅಂವ! ಅಂಜಾಕ ಏನ್ ಹೆಂಗಸೇನ?" ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಹುಡುಗಿ ಕೈಯಲ್ಲಿದ್ದ ಮೊಬೈಲಿನಲ್ಲಿ ಉಳಿದ ಎಂಟಕ್ಕೂ "ಇಲ್ಲ" ಎಂದೇ ಬೆರಳೊತ್ತಿದಳು.

ಸಾಹೇಬರೇ, ಕುರಿ ಕಾಯುವ ನಮ್ಮ ಜನ ಹಟ್ಟಿಯಲ್ಲಿ ತೋಳದ ಹೆಸರೆತ್ತುವುದಿಲ್ಲ. ಹೆಸರು ಹಿಡಿದರೆ ಬರುತ್ತದೆ ಎಂಬ ನಂಬಿಕೆ. ಅಂಜಿಕೆಯೂ ನಮಗೆ ಹಾಗೆಯೇ. ಮೇಲಾಗಿ, ದೇವರು ಕೂಳು ಕೊಟ್ಟಿರುವಾಗ ನನಗೆ ದಿಗಿಲು ಎನ್ನುವುದು ಅವನನ್ನೇ ದೂರಿದಂತೆ. ಇದನ್ನು ನನ್ನ ಮಕ್ಕಳಿಗೂ ಕಲಿಸಿದವಳು ನಾನೇ. ಆ ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. ನಾನೂ ಬಾಯಿ ಬಿಡಲಿಲ್ಲ. ಆ ಪಾಪ ನನ್ನದು, ಹೊರುತ್ತೇನೆ. ಆದರೆ ಮುದುಕನ ಎದೆಯೊಳಗಿನದನ್ನು ನಾಲ್ಕು ಜನರ ನಡುವೆ ಕಟ್ಟೆಯ ಮೇಲೆ ಕೇಳಿರೆಂದು ಹೇಳಿಕೊಟ್ಟವರು ಯಾರು? ನಿಮ್ಮ ಮನೆಯ ಹಿರಿಯರನ್ನೂ ಹೀಗೇ ಕೇಳುತ್ತೀರಾ?

ಅಷ್ಟಕ್ಕೇ ಮುಗಿಯಲಿಲ್ಲ. ರುಮಾಲು, ಹೆಗಲ ಮೇಲೆ ಕಂಬಳಿ, ಬೊಚ್ಚುಬಾಯಿಯ ನಗೆ. ಅಂದು ಹುಡುಗಿ ತೆಗೆದುಕೊಂಡು ಹೋದ ಅಪ್ಪನ ಫೋಟೋ ನಿಮಗೆ ಬಹಳ ಹಿಡಿಸಿತು. "ನೆಮ್ಮದಿಯ ಹಿರಿಯ ಜೀವ" ಎಂದು ಬ್ಯಾನರ್ ಮಾಡಿಸಿ ಬಸ್ ನಿಲ್ದಾಣದಲ್ಲೂ ದವಾಖಾನೆಯ ಬಾಗಿಲಲ್ಲೂ ಕಟ್ಟಿಸಿದಿರಿ. ಅಕ್ಷರ ಎಷ್ಟು ದುಂಡಗಿವೆ! ಚಹಾದಂಗಡಿಯ ಬಸಯ್ಯ "ಬಾರಪಾ ನೆಮ್ಮದೀ, ಚಾ ಕುಡಿ" ಎಂದು ಕರೆಯತೊಡಗಿದ ಮೇಲೆ ಅಪ್ಪ ಆ ಕಡೆ ಕಾಲಿಡುವುದನ್ನೇ ಬಿಟ್ಟ.

ಕೈಹಿಡಿದು ದವಾಖಾನೆಗೆ ಕರೆದೊಯ್ದೆ. ಚೀಟಿ ಬರೆಯುವವನು ಅಪ್ಪನನ್ನು ನೋಡಿದ, ಬಾಗಿಲ ಕಡೆ ನೋಡಿದ, ನಕ್ಕುಬಿಟ್ಟ. "ಯವ್ವಾ, ಇವರ ಫೋಟೋನ ಹೊರಗ ಕಟ್ಟೇವಿ. ಇವರಿಗೇನ ಧಾಡಿ ಆಗೈತಿ? ಕಂಪ್ಯೂಟರದಾಗ ಸೊನ್ನಿ ಐತಿ. ಮುಂದಿನ ವರ್ಷ ಮತ್ತ ಕೇಳಾಕ ಬರ್ತಾರ, ಅವಾಗ ಸರಿಯಾಗಿ ಹೇಳಸ್ರಿ." ಅಲ್ಲಿಯವರೆಗೆ ಸುಮ್ಮನಿರು ಎಂದು ಅಂಜಿಕೆಗೆ ನೋಟಿಸು ಕೊಡುವವರು ಯಾರು, ನೀವೋ ನಾನೋ?

ದೇವರ ಮೇಲೆ ಭಾರ ಹಾಕು ಎನ್ನಬೇಡಿ. ಹಾಕಿದ್ದೇನೆ. ದಿನಾ ಬೀರಪ್ಪನ ಗುಡಿಯಿಂದ ಅರಿಷಿಣದ ಭಂಡಾರ ತಂದು ಅಪ್ಪನ ಹಣೆಗೆ ಹಚ್ಚುತ್ತೇನೆ. ದೇವರು ಕೇಳಿಸಿಕೊಳ್ಳುತ್ತಾನೆಂದು ನಂಬಿದ್ದೇನೆ. ಆದರೆ ಚೀಟಿ ಬರೆಯಲು ಸರಕಾರ ನೇಮಿಸಿದ್ದು ನಿಮ್ಮನ್ನು, ಬೀರಪ್ಪನನ್ನಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ, ಇನ್ನಾದರೂ ಖರೆ ಹೇಳು ಎಂದು ಅಪ್ಪನ ಕಾಲು ಹಿಡಿದೆ. "ಈಗ ಅಂಜಿಕಿ ಅಂದ್ರ ಸರಕಾರ ಸುಳ್ಳ ಬರದಂಗ ಆಗತೈತಿ. ಆ ಹುಡಿಗಿ ನೌಕರಿ ಹೋಗತೈತಿ. ಸುಮ್ಕ ಕುಂಡ್ರು" ಎಂದ. ತನ್ನ ಜೀವಕ್ಕಿಂತ ನಿಮ್ಮ ಮಾನ ದೊಡ್ಡದು ಅವನಿಗೆ.

ಕಳೆದ ಸೋಮವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಹತ್ತಿರ ಬಂದು ಕುಳಿತ. ಬೆಂಕಿ ನೋಡುತ್ತ, ನನ್ನನ್ನು ನೋಡದೆ, ಹೇಳಿದ: "ಲಗಮವ್ವಾ, ನನಗ ಭಾಳ ಅಂಜಿಕಿ ಆಗತೈತಿ." ಹುಟ್ಟಿದಾಗಿನಿಂದ ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದಿಲ್ಲ. ನಿಮ್ಮವರು ಯಾರೂ ಅಲ್ಲಿರಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ನಾನೇ ಬರೆದಿಟ್ಟೆ. ನಿಮ್ಮ ದಾಖಲೆಯಲ್ಲಿ ಇದನ್ನು ಸೇರಿಸಿ, ಸೊನ್ನೆ ಹೊಡೆದುಹಾಕಿ, ಈ ತಿಂಗಳೊಳಗೆ ಅವನನ್ನು ಡಾಕ್ಟರರ ಮುಂದೆ, ಬಾಗಿಲು ಮುಚ್ಚಿ ಕೂಡ್ರಿಸಿ. ನೀವು ಮಾಡುತ್ತೀರೆಂಬ ಭರವಸೆ ನನಗಿಲ್ಲ. ಮುಂದಿನ ವರ್ಷದ ಪ್ರಶ್ನೆಗೆ ಉತ್ತರಿಸಲು ಅವನಿರುತ್ತಾನೆಂಬ ಭರವಸೆಯೂ ಇಲ್ಲ. ಇದ್ದರೂ, ಇನ್ನೊಮ್ಮೆ ಅವನು ಹೇಳಲಾರ.

ಇಂತಿ,
ತಡವಾಗಿ ಬಾಯಿ ಬಿಟ್ಟ ಮಗಳು
ಲಗಮವ್ವ
ಹುನಗುಂದದ ಕಡೆಯ ಒಂದು ಹಳ್ಳಿ