ಒಡೀನ್ ಅಜ್ಜಿಯ ಹಿಂದೆ ಹೋದವರು

ಟ್ಯಾಲೋಸ್ ಲ್ಯಾಂಡಿಂಗ್, ಮಿಸಿಸಿಪ್ಪಿ
ಭಾನುವಾರ, 12 ಏಪ್ರಿಲ್ 1987

ಪ್ರೀತಿಯ ಅಪ್ಪಾ,

ನಿನ್ನ ಸೊಂಟದ ನೋವು ಹೇಗಿದೆ? ನಿಮ್ಮ ಸರಕುದೋಣಿಯ ಅಡುಗೆಯವನು ಇನ್ನೂ ಎಲ್ಲದಕ್ಕೂ ಖಾರ ಸುರಿಯುತ್ತಿದ್ದರೆ ಸುಮ್ಮನೆ ತಿನ್ನಬೇಡ, ಹೇಳು. ನಿನ್ನ ಹೊಟ್ಟೆಗೆ ಅದು ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ನಾಯಿ ಮತ್ತೆ ಪಕ್ಕದ ಮನೆಯ ಕೋಳಿ ಹಿಡಿಯಿತು, ಬೈಗುಳ ತಿಂದದ್ದು ನಾನು.

ನಿನ್ನೆ ಒಡೀನ್ ಅಜ್ಜಿಯನ್ನು ಮಣ್ಣು ಮಾಡಿದೆವು. ದೋಣಿ ಕಂಪನಿಯವರ ಕೈಲಿ ನೀನು ಹೇಳಿಕಳಿಸಿದ್ದು ತಲುಪಿತ್ತು: ರಜೆ ಸಿಗಲಿಲ್ಲ, ಚಿಕ್ಕಮ್ಮನ ಹಿಂದೆ ಎಷ್ಟು ಜನ ಬಂದರು ಎಂದು ಬರೆ, ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡ. ಸುಳ್ಳು ನೆಪ ಹೇಳಲು ಬಂದಿದ್ದರೆ ನಾನು ಶಾಲೆಯಿಂದ ಹೊರಗೆ ಹಾಕಿಸಿಕೊಳ್ಳದೆ ಹನ್ನೊಂದನೆಯ ತರಗತಿಯನ್ನಾದರೂ ಮುಗಿಸುತ್ತಿದ್ದೆ. ನಿನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಒಂಟಿಯಾಗಿ ಹೋಗಿಬಿಡುತ್ತಾಳೇನೋ ಎಂಬುದೇ ನಿನ್ನ ಭಯ ಎಂದು ನನಗೆ ಗೊತ್ತು. ನನಗೂ ಅದೇ ಭಯವಿತ್ತು.

ಈಗ ಅಜೇಲಿಯಾ ಹೂ ಬಿಡುವ ಕಾಲ, ಊರು ನೋಡಲು ಬರುವವರೂ ಹೆಚ್ಚು. ಅವರನ್ನು ಸುತ್ತಾಡಿಸುವ ವ್ಯಾನನ್ನು ನಾನೇ ಓಡಿಸುತ್ತಿದ್ದೇನಲ್ಲ, ಶನಿವಾರ ರಜೆ ಕೇಳಿದ್ದಕ್ಕೆ ಪ್ರವಾಸಿ ಕಚೇರಿಯ ಲೊರೀನ್ ಮೇಡಂ, "ಸ್ವಂತ ಅಜ್ಜಿ ಅಲ್ವಲ್ಲಮ್ಮ, ನಿಮ್ಮಪ್ಪನ ಚಿಕ್ಕಮ್ಮ ತಾನೇ? ಜನ ಎಲ್ಲ ಬಂದು ಕೂತಿದಾರೆ," ಎಂದರು. ಸರಿ, ಹೊರಟೆ. ಕೋರ್ಟಿನ ನಿಂತುಹೋದ ಗಡಿಯಾರ ತೋರಿಸಿದೆ. ಕಂಬದ ಮನೆಯ ಮುಂದೆ, ಯುದ್ಧದ ಕಾಲದಲ್ಲಿ ಇಲ್ಲಿ ಒಬ್ಬ ಸೇನಾಪತಿ ಒಂದು ರಾತ್ರಿ ಮಲಗಿದ್ದ ಎಂದು ಹೇಳಬೇಕು. ಹಾಗಂತ ಹೇಳಿಸುತ್ತಾರೆ, ಮಲಗಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದೆ. ಅಲ್ಲಿಂದ ಹಳೆಯ ಹತ್ತಿ ಗಿರಣಿ, ಆಮೇಲೆ ನದಿದಂಡೆಯಲ್ಲಿ ಮೀನೂಟ ಆಗಬೇಕಿತ್ತು.

ಗಿರಣಿಯ ಮೂಲೆಗೆ ಬರುವಾಗ ಎದುರಿಂದ ಅಜ್ಜಿಯ ಗಾಡಿ ಬಂತು. ಶವದ ಗಾಡಿ, ಅದರ ಹಿಂದೆ ಪಾದ್ರಿಗಳ ಕಾರು, ಅದರ ಹಿಂದೆ ಪಕ್ಕದ ಮನೆಯ ನೆಟ್ಟಿಯ ಟ್ರಕ್ಕು. ಅಷ್ಟೇ. ಊರು ತನ್ನ ಮರ್ಯಾದೆ ಬಿಡಲಿಲ್ಲ. ಎರಡೂ ಕಡೆಯ ಗಾಡಿಗಳು ರಸ್ತೆಯಂಚಿಗೆ ಸರಿದು ನಿಂತವು, ಕ್ಷೌರದಂಗಡಿಯ ಹಾಲಿಸ್ ಕತ್ತರಿ ಹಿಡಿದೇ ಹೊರಗೆ ಬಂದು ಟೋಪಿ ತೆಗೆದ. ಆದರೆ ಹಿಂದೆ ಯಾರೂ ಹೊರಡಲಿಲ್ಲ. ಅವರನ್ನೂ ಪೂರ್ತಿ ದೂರಲಾರೆ. ಚರ್ಚಿನ ಹೆಂಗಸರ ಕೇಕನ್ನು ಅವರೆದುರೇ ಒಣಕಲು ಎಂದವಳು, ಹಾಲಿಸ್‌ನ ಮದುವೆಯಲ್ಲಿ ಮದುಮಗಳಿಗೆ ಅಯ್ಯೋ ಪಾಪ ಎಂದವಳು ಅವಳು.

ನಾನೂ ವ್ಯಾನು ನಿಲ್ಲಿಸಿದ್ದೆ. ಓಹಾಯೋದಿಂದ ಊರು ನೋಡಲು ಬಂದಿದ್ದ ಮುದುಕರೊಬ್ಬರು ಇಣುಕಿ ನೋಡಿ, "ನಮ್ಮ ಕಡೆ ಇಂಥದ್ದು ಅಡ್ಡ ಬಂದ್ರೆ ಹಾರ್ನ್ ಹೊಡೀತೀವಪ್ಪ," ಎಂದರು. ನಾನು ತಿರುಗಿ ಹೇಳಿದೆ: "ಅದರಲ್ಲಿರೋದು ನಮ್ಮಜ್ಜಿ. ನಾನು ಹಿಂದೆ ಹೋಗ್ತೀನಿ. ಬೇಡ ಅನ್ನೋರು ಇಲ್ಲೇ ಇಳೀರಿ, ಎದುರಿನ ಅಂಗಡೀಲಿ ಪೀಚ್ ಪೈ ಚೆನ್ನಾಗಿರುತ್ತೆ." ಒಂದು ಗಂಡ ಹೆಂಡತಿ ಜೋಡಿ ಇಳಿಯಿತು. ಉಳಿದವರು ಕೂತೇ ಇದ್ದರು. ಆ ಮುದುಕರು ಮಾತ್ರ, "ಮೊದಲೇ ಹೇಳೋದಲ್ವೇನಮ್ಮ," ಎಂದು ಕೊರಳಿನ ಕ್ಯಾಮೆರಾ ತೆಗೆದು ಕೆಳಗಿಟ್ಟರು. ಶವದ ಹಿಂದೆ ಹೋಗುವವರು ಹಾಕುವಂತೆ ನಾನು ಹಗಲಲ್ಲೇ ದೀಪ ಹಾಕಿ, ವ್ಯಾನು ತಿರುಗಿಸಿ, ನೆಟ್ಟಿಯ ಹಿಂದೆ ಸೇರಿಕೊಂಡೆ.

ಸೇತುವೆ ದಾಟಿ ಕನ್ನಡಿ ನೋಡಿದರೆ ನಮ್ಮ ಹಿಂದೆಯೂ ದೀಪಗಳು. ಮೊದಲು ಹಾಲಿಸ್‌ನ ಕಾರು, ಅದರಲ್ಲಿ ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿ. ಅದರ ಹಿಂದೆ ಚರ್ಚಿನ ಹೆಂಗಸರು, ಮೀನಿನ ಲಾರಿ, ಇನ್ನೂ ಯಾರ್ಯಾರೋ. ಸ್ಮಶಾನದಲ್ಲಿ ಹಾಲಿಸ್ ನನ್ನ ಹತ್ತಿರ ಬಂದು ಗೊಣಗಿದ: "ಗುರುತು ಪರಿಚಯ ಇಲ್ಲದೋರು ಹೋಗ್ತಾ ಇದಾರೆ, ನಾವು ಬಾಗಿಲಲ್ಲಿ ನಿಂತು ನೋಡೋದಾ? ಹೊಟ್ಟೆ ಉರಿಸಿದಳು ಮುದುಕಿ, ಆದ್ರೆ ನಮ್ಮ ಮುದುಕಿ ಅಲ್ವಾ." ಪ್ರೀತಿಯಿಂದ ಬಂದರು ಎಂದು ಬರೆಯಲಾರೆ ಅಪ್ಪಾ. ನಾಚಿಕೆಯಿಂದ ಬಂದರು. ಆದರೆ ಬಂದರು, ಕೊನೆಯ ಹಿಡಿ ಮಣ್ಣು ಬೀಳುವವರೆಗೂ ನಿಂತರು. ಪಾದ್ರಿಗಳು, "ಉದ್ದ ಮಾಡಲ್ಲ, ಮಾಡಿದ್ರೆ ಎದ್ದು ಬೈತಾಳೆ," ಎಂದಾಗ ನಗು ಬಂತು, ನಗುತ್ತಲೇ ನೆಟ್ಟಿ ಅತ್ತಳು. ಓಹಾಯೋದ ಮುದುಕರ ಹೆಂಡತಿ ಅಜ್ಜಿಯ ಮುಖವನ್ನೇ ಕಂಡಿರದಿದ್ದರೂ ನನಗಿಂತ ಹೆಚ್ಚು ಅತ್ತರು.

ಸಂಜೆ ಲೊರೀನ್ ಮೇಡಂ ಬಾಗಿಲಿಗೆ ಬಂದರು, ಎರಡೂ ಕೈಯಲ್ಲಿ ಬಿಸಿ ಪಾತ್ರೆ. "ನಿನ್ನನ್ನ ಕೆಲಸದಿಂದ ತೆಗೆದಿದೀನಿ ಡಾರ್ಲಾ. ಹುರುಳಿಕಾಯಿ ಮಾಡಿದೀನಿ, ಆರೋಕ್ ಮುಂಚೆ ತಿನ್ನು," ಎಂದು ಕೊಟ್ಟು ಹೋದರು. ನನಗೆ ಸಿಟ್ಟು ಬರಲಿಲ್ಲ. ಅವರ ವ್ಯಾನು, ಅವರ ಮಾತೂ ಸರಿಯೇ.

ಚಳಿಗಾಳಿಗೆ ಎದೆ ಒಡ್ಡಿ ಮಲಗಬೇಡ. ನೆಟ್ಟಿ ನಿನ್ನನ್ನು ಕೇಳಿದಳು. ಹೊಳೆ ನಿನ್ನನ್ನು ಜೋಪಾನವಾಗಿ ದಂಡೆಗೆ ತಲುಪಿಸಲಿ.

ನಿನ್ನ ಮಗಳು,
ಡಾರ್ಲಾ

ತಾ.ಕ.: ಇವತ್ತು ಸೋಮವಾರ, ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಕಂಪನಿಯವರಿಗೆ ಫೋನು ಮಾಡಿದ್ದೆ. "ರಜೆ ತಗೋ ಅಂತ ನಾವೇ ಹೇಳಿದ್ವಮ್ಮ, ಬೇಡ ಅಂದ್ರು," ಎಂದರು. ಅಮ್ಮ ನಿನ್ನನ್ನು ಬಿಟ್ಟುಹೋದದ್ದೇ ಸರಿ ಎಂದು ಅಜ್ಜಿ ಅಂದ ದಿನದಿಂದ ನೀನು ಅವಳ ಮೆಟ್ಟಿಲು ಹತ್ತಲಿಲ್ಲ, ಕೊನೆಗೂ ಹತ್ತಲಾಗಲಿಲ್ಲ. ನನಗೆ ಅರ್ಥವಾಗುತ್ತದೆ. ನೀನೇಕೆ ಬರಲಿಲ್ಲ ಎಂದು ಊರವರು ಕೇಳಿದಾಗ ನಾನು ರಜೆಯ ಮಾತೂ ಆಡಲಿಲ್ಲ, ಸುಳ್ಳೂ ಆಡಲಿಲ್ಲ. ಅಪ್ಪನನ್ನೇ ಕೇಳಿ ಎಂದೆ. ನೀನಿಲ್ಲದಿದ್ದರೂ ಅವರು ಊಟ ತಂದುಕೊಟ್ಟದ್ದು ನಿನ್ನ ಮನೆಗೇ. ಪಾತ್ರೆಗಳನ್ನೆಲ್ಲ ತೊಳೆದು ಮೇಜಿನ ಮೇಲೆ ಇಟ್ಟಿದ್ದೇನೆ, ಯಾರದು ಎಂದು ತಳದಲ್ಲಿ ಪಟ್ಟಿ ಅಂಟಿಸಿದ್ದಾರೆ. ಅವನ್ನು ಮನೆಮನೆಗೆ ಹಿಂತಿರುಗಿಸಿ ಒಂದು ಮಾತಾಡಿ ಬರುವುದು ಸತ್ತವರ ಮನೆಯವರ ಕೆಲಸ. ನಾನು ಕೊಡುವುದಿಲ್ಲ, ನೀನೇ ಬಂದು ಕೊಡಬೇಕು. ಮೇಜಿನ ಮೇಲೆ ಜಾಗವಿಲ್ಲ, ನೀನು ಬರುವವರೆಗೆ ನಾಯಿಯೂ ನಾನೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಉಣ್ಣುತ್ತೇವೆ.